ಕ್ರಾಫ್ಟ್ ಪಿರಿಯಡ್ಡಿನ ಕಡಗೋಲು

ವೇಳಾಪಟ್ಟಿಯಲ್ಲಿ ಅದರ ಹೆಸರು ಎಸ್.ಯು.ಪಿ.ಡಬ್ಲ್ಯು., ಅಂದರೆ ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ. ಆ ಹೆಸರು ಬಂದದ್ದು 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಬಾಯಲ್ಲಿ ಅದು ಕ್ರಾಫ್ಟ್ ಪಿರಿಯಡ್. ಶನಿವಾರ ಮುಂಜಾನೆಯ ಸಾಲಿ, ಕಡೆಯ ಎರಡು ತಾಸು. ಸಾಲಿಯ ಹಿಂದೆ ಮಂಗಳೂರು ಹಂಚಿನ ಉದ್ದನೆಯ ಕೋಣೆ. ನಡುವೆ ಸಾಗವಾನಿಯ ಒಂದು ದೊಡ್ಡ ಮೇಜು, ಎಂಟು ಹುಡುಗರು ಸುತ್ತ ನಿಂತು ಕೆಲಸ ಮಾಡುವಷ್ಟು ದೊಡ್ಡದು. ಬಾಗಿಲು ತೆಗೆದರೆ ಸಾಕು, ಕಟ್ಟಿಗೆ ಪುಡಿಯ ವಾಸನೆ ಮುಖಕ್ಕೆ ಬರುತ್ತಿತ್ತು. ಧಾರವಾಡ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಪೇಡೆಯಲ್ಲ, ಆ ವಾಸನೆ.

ಎಂಟನೆಯ ತರಗತಿಯ ಮೊದಲ ಶನಿವಾರ ಕ್ರಾಫ್ಟ್ ಸರ್ ಒಂದೇ ಮಾತು ಹೇಳಿದ್ದರು: "ಮುಂದಿನ ವಾರ ಎಲ್ಲಾರೂ ನಿಮ್ಮ ಮನ್ಯಾಗ ಮುರದ ಬಿದ್ದ ಕಟಗಿ ಸಾಮಾನು ಒಂದು ತರ್‍ರಿ. ಹೊಸಾದು ಬ್ಯಾಡ, ಮುರದದ್ದ ಬೇಕು." ನಾನು ಕುಂದಗೋಳ ಕಡೆಯ ಹಳ್ಳಿಯವನು, ಧಾರವಾಡದಲ್ಲಿ ವಸತಿ ನಿಲಯದಲ್ಲಿದ್ದೆ. ಊರಿಗೆ ಹೋಗಿ ಬರುವಾಗ ಬೀಜ ಬಿತ್ತುವ ಕೂರಿಗೆಯ ಮುರಿದ ತಾಳು, ಅಂದರೆ ನೆಲ ಸೀಳುವ ಕಾಲು, ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಯಾರೋ ಲಟ್ಟಣಿಗೆ ತಂದಿದ್ದರು, ಯಾರೋ ತೊಟ್ಟಿಲ ಕಾಲು, ಒಬ್ಬ ಬುಗುರಿ.

ಸರ್ ನನ್ನ ತಾಳನ್ನು ಕೈಯಲ್ಲಿ ಹಿಡಿದು ಭಾರ ನೋಡಿದರು. "ಕರಿಜಾಲಿ. ಎಷ್ಟು ವರ್ಷ ಬಿತ್ತೀರಿ ಇದರಾಗ?" ನಮ್ಮಪ್ಪನ ಕಾಲಕ್ಕೂ ಮೊದಲಿನದು ಎಂದೆ. ಆಮೇಲೆ ಅರ್ಧ ತಾಸು ಆ ಮುರುಕು ತಾಳೇ ಪಾಠ. ನಮ್ಮ ಎರೆ ಸೀಮೆಯಲ್ಲಿ ಗಿಡ ಅಂದರೆ ಜಾಲಿ, ಬೇವು. ಎರೆ ಮಣ್ಣು ಕಟ್ಟಿಗೆಯನ್ನು ಉಜ್ಜಿ ಸವೆಸುತ್ತದೆ, ಅದಕ್ಕೆ ತಡೆಯುವ ಗಟ್ಟಿತನ ಜಾಲಿಗೆ ಉಂಟು. ಕೂರಿಗೆಯ ದಿಂಡಿನಲ್ಲಿ ತಾಳುಗಳಿಗೆ ತೂತು ಕೊರೆಯುವಾಗ ಎರಡು ತಾಳುಗಳ ನಡುವೆ ಎಷ್ಟು ಅಂತರ ಬಿಡುತ್ತಾರೋ, ಹೊಲದಲ್ಲಿ ಬೆಳೆಯ ಸಾಲುಗಳ ನಡುವೆಯೂ ಅಷ್ಟೇ ಅಂತರ ಬೀಳುತ್ತದೆ. ಸಾಲುಗಳ ನಡುವಿನ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ಪೈರಿಗೆ ತಾಗದಂತೆ ಎತ್ತು ನಡೆಯಬೇಕಾದದ್ದೂ ಆ ಅಂತರದಲ್ಲೇ. "ನಿಮ್ಮ ಹೊಲದ ಗೆರಿ ಹೊಡದಾಂವ ನಿಮ್ಮಪ್ಪಲ್ಲೋ ತಮ್ಮಾ, ನಿಮ್ಮೂರ ಬಡಿಗ್ಯಾ" ಎಂದರು ಸರ್. ಹುಟ್ಟಿದಾಗಿನಿಂದ ಕೂರಿಗೆ ನೋಡಿದ್ದೆ. ಅವತ್ತಿನ ತನಕ ಅದು ನನಗೆ ಗೋಡೆಗೆ ಆನಿಸಿಟ್ಟ ಕಟ್ಟಿಗೆ ಅಷ್ಟೇ ಆಗಿತ್ತು.

ಅವರು ಕಲಿಸುವ ರೀತಿಯೇ ಹಾಗೆ. ಬೇಸಿಗೆ ರಜೆಗೆ ಮುಂಚೆ ಒಂದು ಅಗಲ ಹಲಗೆಯನ್ನು ಗೋಡೆಗೆ ಒರಗಿಸಿ, ಅದರ ಎರಡೂ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಸಿದ್ದರು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೋಡಿದರೆ ಹಲಗೆ ಗೆರೆ ದಾಟಿತ್ತು. ಅಗಲದಲ್ಲಿ ಮಾತ್ರ. ಉದ್ದದಲ್ಲಿ ಕೂದಲೆಳೆಯಷ್ಟೂ ಕಾಣಲಿಲ್ಲ. ಕಟ್ಟಿಗೆ ನೀರು ಕುಡಿದರೆ ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಎಳೆಯ ಗುಂಟ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ಇದಕ್ಕೇ. ಹಳೆಯ ಮನೆಯ ಬಾಗಿಲುಗಳಲ್ಲಿ ನಡುವಿನ ಹಲಗೆಗೆ ಮೊಳೆ ಹೊಡೆಯದೆ, ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂರಿಸಿರುವುದೂ ಇದಕ್ಕೇ; ಉಬ್ಬಲು, ಕುಗ್ಗಲು ಅದಕ್ಕೆ ಜಾಗ ಬೇಕು. ಮೊಳೆ ಹೊಡೆದರೆ ಸೀಳುತ್ತದೆ.

ಇನ್ನು ಕಡಗೋಲಿನ ವಿಷಯ. ದಸರೆ ರಜೆಗೆ ಮುನ್ನ ಎಲ್ಲರೂ ಮನೆಗೆ ಬೇಕಾದ ಸಾಮಾನು ಒಂದನ್ನು ಸ್ವಂತ ಕೈಯಿಂದ ಮಾಡಬೇಕಿತ್ತು. ಅವ್ವನಿಗೆ ಕಡಗೋಲು ಮಾಡುತ್ತೇನೆ ಎಂದೆ. ಬೇವಿನ ತುಂಡು ಎತ್ತಿಕೊಂಡೆ. ಸರ್ ಬೇಡವೆಂದು ಶಿವನಿ ಕಟ್ಟಿಗೆ ಕೊಟ್ಟರು. ಹಗುರ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಮೂರು ಶನಿವಾರ ಕೂತು ತಲೆಯ ಭಾಗಕ್ಕೆ ಎಸಳು ಬಿಡಿಸಿದೆ. ನೋಡಲು ಅರಳುವ ಮೊಗ್ಗಿನ ಹಾಗೆ ಬಂದಿತ್ತು. ಕಡೆಯ ಎಸಳಿನ ಬುಡಕ್ಕೆ ಉಳಿ ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿದೆ, ಟಕ್ಕನೆ ಎರಡು ಎಸಳು ಮುರಿದು ಕೆಳಗೆ ಬಿದ್ದವು.

ಕಣ್ಣಲ್ಲಿ ನೀರು ಬಂತು. ಸರ್ ಬಂದು ಆ ಎರಡು ಚೂರನ್ನು ನನ್ನ ಅಂಗೈಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಕರೆದೊಯ್ದರು. "ಎಳಿ ಯಾ ಕಡೆ ಹೊಂಟಾವು ನೋಡು." ಎಸಳು ಮೇಲಕ್ಕೆ ನಿಂತಿತ್ತು, ಎಳೆಗಳು ಅದಕ್ಕೆ ಅಡ್ಡವಾಗಿ ಮಲಗಿದ್ದವು. ನಾನು ತುಂಡನ್ನು ಅಡ್ಡ ಹಿಡಿದು ಕೊರೆದಿದ್ದೆ. "ಗಿಡ ಹೆಂಗ ನಿಂತಿತ್ತು, ನೀ ಕೆತ್ತಿದ್ದೂ ಹಂಗ ನಿಂದರಬೇಕು. ಅಡ್ಡ ಎಳ್ಯಾಗ ಬಲಾ ಇರೂದಿಲ್ಲ." ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇನ್ನೊಂದು ತುಂಡು ಕೊಟ್ಟರು. ಅದಕ್ಕೆ ಕಟ್ಟಿಗೆ ಹೆರೆಯುವ ರಂದಾ ಹೊಡೆಯುವ ಮುಂಚೆ ಎಷ್ಟೋ ಹೊತ್ತು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದೆ. ಎಳೆಯ ಗುಂಟ ಹೋದಾಗ ರಂದಾದ ಬಾಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಸುರುಳಿ ಬರುತ್ತದೆ. ತಿರುವಿ ಹೊಡೆದರೆ ಅಲಗು ಕಚ್ಚಿ ಕಟ್ಟಿಗೆ ಕಿತ್ತು ಬರುತ್ತದೆ. ಎರಡರ ಸಪ್ಪಳವೂ ಬೇರೆ. ಅವತ್ತಿನಿಂದ ಆ ಸಪ್ಪಳ ಗುರುತಿಸುವುದನ್ನು ನನ್ನ ಕಿವಿ ಮರೆತಿಲ್ಲ.

ಕಡಗೋಲು ಮುಗಿದ ದಿನ ಸರ್ ಇನ್ನೊಂದು ತೋರಿಸಿದರು. ಒಂದು ದುಂಡು ತುಂಡನ್ನು ಎರಡು ಮೊಳೆಯ ಮೊನೆಗಳ ನಡುವೆ ಕೂರಿಸಿ, ಅದಕ್ಕೆ ಹಗ್ಗ ಸುತ್ತಿ, ಮಜ್ಜಿಗೆ ಕಡೆಯುವ ಹಾಗೆ ಎಳೆ ಎಂದರು. ನಾನು ಅತ್ತ ಇತ್ತ ಎಳೆಯುತ್ತಿದ್ದೆ. ತುಂಡು ತಮ್ಮ ಕಡೆ ತಿರುಗಿದಾಗ ಮಾತ್ರ ಅವರು ಉಳಿ ತಾಗಿಸುತ್ತಿದ್ದರು, ಹಿಂದಕ್ಕೆ ತಿರುಗುವಾಗ ಎತ್ತುತ್ತಿದ್ದರು. ನಾಲ್ಕು ನಿಮಿಷದಲ್ಲಿ ತುಂಡಿನ ಮೇಲೆ ಬಳೆಯಂಥ ಗೆರೆಗಳು ಮೂಡಿದವು. ಮಜ್ಜಿಗೆಗೂ ಕಡೆಯುವುದು ಅನ್ನುತ್ತೇವೆ, ಕಟ್ಟಿಗೆಗೂ ಕಡೆಯುವುದು ಅನ್ನುತ್ತೇವೆ. ಎರಡೂ ಒಂದೇ ಕೈಚಳಕ ಅನ್ನುವುದನ್ನು ನಾನು ಭಾಷೆಯ ಪಾಠದಲ್ಲಲ್ಲ, ಆ ಹಗ್ಗ ಹಿಡಿದು ಕಲಿತೆ.

ಆ ವರ್ಷ ಎರಡು ಪ್ರವಾಸ. ಮೊದಲನೆಯದು ಕಲಘಟಗಿ, ತೊಟ್ಟಿಲು ಮಾಡುವವರ ಮನೆಗೆ. ಸಾಗವಾನಿಯ ತೊಟ್ಟಿಲು; ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಚಿತ್ರಗಳು. ನಾನು ಕಣ್ಣು ಕೀಳದೆ ನೋಡಿದ್ದು ಕಾಲುಗಳಿಗೆ ಬಣ್ಣ ಹಾಕುವುದನ್ನು. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಕಟ್ಟಿಗೆಗೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಯ ಮೇಲೆ ಹರಡುತ್ತದೆ. ಮೇಲೆ ಒಣಗಿದ ಕೇದಗೆಯ ಎಲೆ ಒತ್ತಿದರೆ, ನೋಡುತ್ತಿದ್ದ ಹಾಗೆ ಕನ್ನಡಿಯ ಹೊಳಪು. ಕೆಲಸದ ಅಜ್ಜ ಇನ್ನೂ ಬೆಚ್ಚಗಿದ್ದ ಕಾಲನ್ನು ನನ್ನ ಕೈಗೆ ಕೊಟ್ಟು "ಹಿಡಿ ತಮ್ಮಾ, ಸುಡೂದಿಲ್ಲ" ಎಂದರು.

ಎರಡನೆಯದು ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಇತಿಹಾಸವನ್ನು ಸಮಾಜ ವಿಜ್ಞಾನದ ಸರ್ ವಿವರಿಸುತ್ತಿದ್ದರು. ಕ್ರಾಫ್ಟ್ ಸರ್ ನಮ್ಮಲ್ಲಿ ನಾಲ್ವರನ್ನು ಕಾಶಿ ವಿಶ್ವೇಶ್ವರ ಗುಡಿಯ ಕಂಬದ ಬಳಿಗೆ ಕರೆದು, "ಕಣ್ಣು ಮುಚ್ಚಿ ಬೆರಳಾಡಸರಿ" ಎಂದರು. ಬೆರಳಿಗೆ ಸಿಕ್ಕಿದ್ದು ಬಳೆಯಂಥ ಗೆರೆಗಳು. ಒಂದರ ಕೆಳಗೊಂದು, ಎಲ್ಲಿಯೂ ಅಳತೆ ತಪ್ಪಿಲ್ಲ. ಕಲಘಟಗಿಯ ತೊಟ್ಟಿಲ ಕಾಲು ಕಲ್ಲಾಗಿ ನಿಂತಂತೆ! ಬಳಪದ ಕಲ್ಲನ್ನೂ ಕಟ್ಟಿಗೆಯ ಹಾಗೆ ತಿರುಗಿಸಿ ಕಡೆದಿದ್ದರು. ಮರಳುವಾಗ ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದೆವು. ಅಲ್ಲಿ ನಮ್ಮದೇ ವಯಸ್ಸಿನ ಅಂಧ ಹುಡುಗನೊಬ್ಬ ತಬಲಾದ ಬದಿಯ ಕಟ್ಟಿಗೆಯ ಗಟ್ಟಿಗಳನ್ನು ಸುತ್ತಿಗೆಯಿಂದ ತಟ್ಟುತ್ತ ಶ್ರುತಿ ಕೂಡಿಸುತ್ತಿದ್ದ. ಸರ್ ಕೈಕಟ್ಟಿ ನಿಂತು ಕೇಳಿದರು, ಅಲ್ಲಿ ಪಾಠ ಮಾಡಲಿಲ್ಲ.

ನಾನು ಬಡಿಗನಾಗಲಿಲ್ಲ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಲೆಕ್ಕ ಬರೆದು ನಿವೃತ್ತನಾದೆ. ಅವ್ವ ಇರುವ ತನಕ ಅದೇ ಕಡಗೋಲಿನಲ್ಲಿ ಕಡೆದಳು; ಹಗ್ಗ ಉಜ್ಜಿದ ಜಾಗ ಸವೆದು ಸೊಂಟದ ಹಾಗೆ ಸಣ್ಣಗಾಗಿದೆ, ಎಸಳು ಒಂದೂ ಮುರಿದಿಲ್ಲ. ಊರಿನ ದ್ಯಾಮವ್ವನ ಜಾತ್ರೆಗೆ ಹೋದಾಗ, ದೇವಿಯ ಕಟ್ಟಿಗೆಯ ಮೂರ್ತಿಯನ್ನು ಬಣ್ಣಕ್ಕೆಂದು ಬಡಿಗೇರ ಮನೆಗೆ ಒಯ್ಯುವಾಗ, ನಾನೂ ಅವರ ಪಡಸಾಲೆಯಲ್ಲಿ ಕೂತು ನೋಡುತ್ತೇನೆ. ಸರ್ ಈಗಿಲ್ಲ. ಅವರ ರಂದಾ ನನ್ನ ಹತ್ತಿರ ಇದೆ, ತಮ್ಮ ನಿವೃತ್ತಿಯ ದಿನ ಅವರೇ ಕೊಟ್ಟದ್ದು.

ಕಳೆದ ತಿಂಗಳು ಸಾಲಿಗೆ ಬಂದಿದ್ದೆ. ಹಂಚಿನ ಕೋಣೆಯಲ್ಲಿ ಈಗ ಕಂಪ್ಯೂಟರುಗಳಿವೆ, ಮಕ್ಕಳಿಗೆ ಅದೂ ಬೇಕು. ಆ ಮೇಜು ಹಿಂದಿನ ಕಟ್ಟೆಯ ಮೇಲೆ ಮಳೆಗೆ ನೆನೆಯುತ್ತ ಬಿದ್ದಿತ್ತು. ಗುಜರಿಗೆ ಹಾಕುವ ಮಾತಿದೆ ಎಂದು ಸಿಪಾಯಿ ಹೇಳಿದ. ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ, ಹಾಕಬೇಡಿರಿ. ಉಗುರಿನಿಂದ ಕೆರೆದು ನೋಡಿದ್ದೇನೆ: ಕಪ್ಪಾಗಿರುವುದು ಮೇಲ್ಮೈ ಮಾತ್ರ, ಒಳಗೆ ಸಾಗವಾನಿಯ ಕೆಚ್ಚು ಹಾಗೇ ಇದೆ. ಒಂದು ಪದರ ತೆಗೆದರೆ ಸಾಕು. ಯಾವ ಶನಿವಾರ ಬರಲಿ ಎಂದು ತಿಳಿಸಿರಿ, ರಂದಾ ತರುತ್ತೇನೆ. ಎಂಟನೆಯ ತರಗತಿಯ ನಾಲ್ಕು ಮಕ್ಕಳನ್ನು ನನ್ನ ಜೊತೆ ಕಳಿಸಿರಿ.