ಬಿಸಿಲೇರುವ ಮೊದಲೇ ವಿಂಧ್ಯಗಿರಿ ಹತ್ತಿ

ಶ್ರವಣಬೆಳಗೊಳಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಬೇಲೂರು, ಹಳೇಬೀಡು, ಬೆಳಗೊಳ ಮೂರನ್ನೂ ಒಂದೇ ದಿನ ತೋರಿಸ್ತೀವಿ ಅನ್ನುವ ಕಾರು ಹತ್ತಬೇಡಿ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ಹಾಸನದಲ್ಲಿ ಕಾರು ಗೊತ್ತು ಮಾಡುವಾಗಲೇ ಬೆಳಿಗ್ಗೆ ಮೊದಲು ಬೆಳಗೊಳದ ಬಾಹುಬಲಿ ಇರುವ ವಿಂಧ್ಯಗಿರಿ ಬೆಟ್ಟ, ಆಮೇಲೆ ಉಳಿದದ್ದು ಎಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಗಾಡಿ ಬೇಲೂರು ದಾರಿ ಹಿಡಿದಿತ್ತು. ಕೇಳಿದ್ದಕ್ಕೆ "ಎಲ್ಲಾ ಒಂದೇ ಅಲ್ವಾ ಸಾರ್, ಬೆಟ್ಟ ಕೊನೆಗೆ ನೋಡಿದ್ರಾಯ್ತು" ಅಂದ ಡ್ರೈವರ್. ಒಂದೇ ಅಲ್ಲ. ಬೆಟ್ಟದ ಬುಡ ತಲುಪಿದಾಗ ಮಧ್ಯಾಹ್ನ ಒಂದೂವರೆ. ಚಪ್ಪಲಿ ಕೆಳಗೇ ಬಿಡಬೇಕು. 600ಕ್ಕೂ ಜಾಸ್ತಿ ಮೆಟ್ಟಿಲು, ಎಲ್ಲವೂ ಬಂಡೆಯಲ್ಲೇ ಕಡಿದದ್ದು. ಆ ಹೊತ್ತಿಗೆ ಕಲ್ಲು ಕಾದ ಹೆಂಚು. ಅಮ್ಮ ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಪಾದ ಊರಲಾಗದೆ ನಿಂತುಬಿಟ್ಟರು. ವಾಪಸ್ ಬಂದೆವು. ಕಾಯ್ದದ್ದಕ್ಕೆಂದು ಅವನು ಮೇಲೆ 400 ರೂಪಾಯಿ ಕಿತ್ತುಕೊಂಡ. ನನಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ, ಅಮ್ಮನ ಮುಖ ನೋಡಿ.

ಎರಡು ದಿನ ಬಿಟ್ಟು ಬಸ್ಸಿನಲ್ಲೇ ಹೋದೆವು. ಹಾಸನದಿಂದ ಚನ್ನರಾಯಪಟ್ಟಣ, ಅಲ್ಲಿಂದ ಇನ್ನೊಂದು ಬಸ್ಸು, ಹನ್ನೆರಡು ಹದಿಮೂರು ಕಿಲೋಮೀಟರ್. ಏಳು ಗಂಟೆಗೆಲ್ಲ ಮೆಟ್ಟಿಲ ಮೇಲಿದ್ದೆವು. ಕಲ್ಲು ತಣ್ಣಗಿತ್ತು. ಕಂಬಿ ಹಿಡಿದು, ಕೂತು, ಎದ್ದು, ಅಮ್ಮ ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ಆಗದವರಿಗೆ ಡೋಲಿ ಇದೆ, ದರ ಮೊದಲೇ ಮಾತಾಡಿಕೊಳ್ಳಿ.

ಅರ್ಧ ದಾರಿಯಲ್ಲಿ ತಿರುಗಿ ನೋಡಿ. ಕೆಳಗೆ ಊರಿನ ನಡುವೆ ಚೌಕದ ಕಲ್ಯಾಣಿ, ಅದರಾಚೆ ಚಂದ್ರಗಿರಿ ಬೆಟ್ಟ, ಸುತ್ತ ತೆಂಗಿನ ತೋಟ. ಊರಿಗೆ ಬೆಳಗೊಳ ಅಂತ ಹೆಸರು ಬಂದದ್ದೇ ಬಿಳಿಯ ಕೊಳದಿಂದ. ಮೇಲೆ 58 ಅಡಿಯ ಬಾಹುಬಲಿಯನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ನೀವು ಪಾದದ ಬಳಿಯೂ ನೋಡಿ. ಕಲ್ಲಿನಲ್ಲೇ ಕಡೆದ ಹುತ್ತದಿಂದ ಹಾವು ಇಣುಕುತ್ತವೆ, ಬಳ್ಳಿ ಕಾಲಿಗೆ ಸುತ್ತಿಕೊಂಡು ಮೇಲೇರುತ್ತದೆ. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಎಂಬ ಕನ್ನಡದ ಸಾಲು ಅಲ್ಲೇ ಕೊರೆದಿದೆ. ಸಾವಿರ ವರ್ಷ ದಾಟಿದ ಬರಹ. ನಾನು ತುಂಬಾ ಹೊತ್ತು ಅದರ ಮುಂದೆಯೇ ನಿಂತಿದ್ದೆ. ಆಗ ಮೇಲಿದ್ದವರು ಹತ್ತು ಜನ ಇರಬಹುದು. ಗದ್ದಲ ಇದ್ದರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಭಾನುವಾರ ಖಂಡಿತ ಬೇಡ.

ಇಳಿದ ಮೇಲೆ ತಿಂಡಿ. ಕಲ್ಯಾಣಿಯ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಮನೆ ಮುಂದೆಯೇ ಒಲೆ ಹಾಕಿಕೊಂಡು ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಬೋರ್ಡಿಲ್ಲ, ಒಂದು ಬೆಂಚು ಅಷ್ಟೆ. ರೊಟ್ಟಿಯ ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಹುಚ್ಚೆಳ್ಳು ಚಟ್ನಿ, ಮೇಲೊಂದು ಉಂಡೆ ಬೆಣ್ಣೆ. ಎರಡು ರೊಟ್ಟಿಗೆ 40 ರೂಪಾಯಿ. "ಇನ್ನೊಂದ್ ಹಾಕ್ಲಾ ಮಗಾ, ಬೆಟ್ಟ ಹತ್ ಬಂದಿದೀಯ" ಅಂದರು. ಮೂರನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಚಟ್ನಿಯ ರುಚಿ ಮತ್ತೆಲ್ಲೂ ಸಿಕ್ಕಿಲ್ಲ.

ತಿಂದು ಸುಮ್ನೆ ಬಸ್ ಹತ್ತಬೇಡಿ. ಚಂದ್ರಗಿರಿ ಚಿಕ್ಕ ಬೆಟ್ಟ, ಬೇಗ ಹತ್ತಬಹುದು, ಜನವೂ ಕಡಿಮೆ. ಬಂಡೆಯ ಮೇಲೆ ಹಳೆಯ ಕನ್ನಡ ಶಾಸನಗಳಿವೆ, ಹೆಜ್ಜೆ ನೋಡಿ ಇಡಿ. ನಾವು ಅಲ್ಲಿಂದ ಇಳಿದಾಗ ಹನ್ನೊಂದು ಗಂಟೆ. ಎದುರು ಬೆಟ್ಟದ ಬುಡದಲ್ಲಿ ಕಾರುಗಳು ಆಗಷ್ಟೇ ಬಂದು ನಿಲ್ಲುತ್ತಿದ್ದವು, ಜನ ಕಾಲುಚೀಲ ಕೊಳ್ಳುತ್ತಿದ್ದರು.