ಮಾತು ಬಿಟ್ಟವರ ಬೆಂಚು

"ಇವರೆಲ್ಲ ಮಾತು ಬಿಟ್ಟವರಾ ಮಗಳೇ?"

ಶನಿವಾರದಿಂದ ಇದೊಂದೇ ಮಾತು ತಲೆಯಲ್ಲಿ ತಿರುಗ್ತಾ ಉಂಟು. ನಾನು ಕಾಸರಗೋಡಿನ ಬದಿಯಡ್ಕ ಕಡೆಯವ, ಕೆಲಸದ ದೆಸೆಯಿಂದ ಈಗ ಅದೇ ಜಿಲ್ಲೆಯ ವಲಿಯಪರಂಬ ಕಾಯಲಿನ, ಅಂದ್ರೆ ಹಿನ್ನೀರಿನ, ಬದಿಯಲ್ಲಿ ರೂಮು. ಹತ್ತಿರದಲ್ಲೇ ಒಂದು ಹಳೇ ದೋಣಿ ಕಡವು. ಅದನ್ನ ಹೊಸದು ಮಾಡ್ತಾರಂತೆ, ಊರವರು ಸಂಜೆ ಬಂದು ಸೇರುವ ಹಾಗೆ. ಪ್ಲಾನನ್ನ ಫ್ಲೆಕ್ಸ್ ಮಾಡಿ ಎರಡು ತೆಂಗಿನ ಮರದ ಮಧ್ಯೆ ಕಟ್ಟಿದ್ರು. ಇಂಟರ್‌ಲಾಕ್, ಸ್ಟೀಲ್ ರೇಲಿಂಗ್, ಸೋಲಾರ್ ಲೈಟು, ವೀಲ್‌ಚೇರಿಗೆ ಇಳಿಜಾರು (ಇದು ಮಾತ್ರ ಬೇಕೇ ಬೇಕು, ಈಗಿನ ಪಾಚಿ ಮೆಟ್ಟಿಲಿಗೆ ನನಗೇ ಹೆದರಿಕೆ), ಮತ್ತೆ ಉದ್ದಕ್ಕೆ ಎಂಟು ಬೆಂಚು, ಎಲ್ಲದರದ್ದೂ ಮುಖ ನೀರಿನ ಕಡೆಗೆ. ಬೆಂಚಿಗೆ ಇಬ್ಬರಂತೆ ಕಂಪ್ಯೂಟರಿನ ಬಿಳಿ ಬಿಳಿ ಜನ.

ಪ್ಲಾನ್ ಮಾಡಿದ ಹುಡುಗಿ ಚುರುಕಿನವಳು, ಗಂಟಲು ಹೋಗುವಷ್ಟು ವಿವರಿಸ್ತಿದ್ಲು. ಜೊತೆಗಿದ್ದ ದೊಡ್ಡ ಸಾರ್ ವಾಚ್ ನೋಡ್ತಾ ನಿಂತಿದ್ರು, ಎಲ್ಲಾ ಮೀಟಿಂಗಿಗೂ ಇಂಥವರೊಬ್ಬರು ಇರ್ತಾರೆ. ಕೆಳಗೆ ಮೆಟ್ಟಿಲಲ್ಲಿ ಐದಾರು ಹೆಂಗಸರು ಹಗ್ಗದಿಂದ ಕಲ್ಲುಮ್ಮಕಾಯಿ ಬಿಡಿಸ್ತಾ ಇದ್ರು, ನಮ್ಮ ಕಡೆ ಪಚ್ಚಿಲೆ ಅಂತೇವಲ್ಲ, ತಿನ್ನುವ ಆ ಚಿಪ್ಪಿನ ಜೀವಿ. ಇಲ್ಲಿ ಅದರ ಕೃಷಿಯೇ ಉಂಟು, ಬಿದಿರಿನ ಚಪ್ಪರದಿಂದ ನೀರಿಗೆ ಹಗ್ಗ ಇಳಿಬಿಟ್ಟು ಬೆಳೆಸೋದು, ಮಳೆ ಹಿಡಿದು ಕಾಯಲಿನ ಉಪ್ಪು ಇಳಿದ್ರೆ ಅಷ್ಟೂ ಸತ್ತು ಹೋಗ್ತದೆ, ಅದಕ್ಕೇ ಮೀಟಿಂಗ್ ಅಂತ ಯಾರೂ ಕೈ ನಿಲ್ಲಿಸಿರಲಿಲ್ಲ. ಅವರಲ್ಲಿ ಹಿರಿಯಮ್ಮ ಒಬ್ರು ಕಣ್ಣು ಸಣ್ಣ ಮಾಡಿ ಫ್ಲೆಕ್ಸ್ ನೋಡಿ, ಆ ಬಿಳಿ ಜನರನ್ನ ತೋರಿಸಿ ಮಲಯಾಳದಲ್ಲಿ ಕೇಳಿದ್ದು, ಇವರೆಲ್ಲ ಮಾತು ಬಿಟ್ಟವರಾ ಅಂತ.

ಎಲ್ಲರೂ ನಕ್ಕರು, ನಾನೂ. ನಕ್ಕು ಆದ ಮೇಲೆ ಕಂಡದ್ದು, ಆ ಹೆಂಗಸರು ಒಬ್ಬರು ಮೇಲಿನ ಮೆಟ್ಟಿಲು ಒಬ್ಬರು ಕೆಳಗಿನದು ಅಂತ ಎದುರುಬದುರು ಕೂತಿದ್ದಾರೆ. ಅಷ್ಟು ಚಂದದ ಕಾಯಲು ಅರ್ಧ ಜನರ ಬೆನ್ನ ಹಿಂದೆ!

ನಮ್ಮೂರ ಹೊಳೆಗೆ ಸಂಕ ಇಲ್ಲದ ಕಾಲದ ಸುದ್ದಿ ಅಜ್ಜಿ ಹೇಳ್ತಿದ್ರು. ಮದುವೆ ಮಾತುಕತೆ, ಕೈಸಾಲ, ದನದ ವ್ಯಾಪಾರ, ಯಾರ ಮನೆ ಸೊಸೆ ತವರಿಗೆ ಹೋಗಿ ಬರಲಿಲ್ಲ ಅನ್ನೋದು, ಎಲ್ಲಾ ಕಡವಿನಲ್ಲೇ. ಸೇರ್ಲಿಕ್ಕೆ ಅಂತ ಯಾರೂ ಹೋದದ್ದಲ್ಲ ಮಾರಾಯ್ರೆ, ದೋಣಿ ಆಚೆ ದಡದಲ್ಲಿತ್ತು, ಅಷ್ಟೇ. ಸಂಕ ಬಂತು, ಕಾಯೋದು ನಿಂತಿತು, ಈಗ ಹೊಳೆಯ ಆಚೆಯವರ ಸುದ್ದಿ ನಮಗೆ ಗೊತ್ತಾಗೋದು ವಾಟ್ಸಾಪಲ್ಲಿ, ಅದೂ ಸತ್ತರೆ ಮಾತ್ರ. ಬೆಂಚು ಹಾಕಿದ್ರೆ ಜನ ಬರ್ತಾರೆ, ಬರಲ್ಲ ಅಂತ ನಾನು ಹೇಳೋದಿಲ್ಲ, ಸೆಲ್ಫಿ ತೆಗೀತಾರೆ, ಐಸ್‌ಕ್ರೀಮ್ ತಿಂತಾರೆ, ಹೋಗ್ತಾರೆ.

ಹುಡುಗಿ ಮಾತ್ರ ನಕ್ಕು ಬಿಡಲಿಲ್ಲ. ಕೆಳಗಿಳಿದು ಬಂದು "ಮತ್ತೆ ಎಂತ ಮಾಡ್ಬೇಕಮ್ಮ?" ಅಂತ ಕೇಳಿದ್ಲು. "ಮೆಟ್ಟಿಲು ತೆಗೀಬೇಡ. ಮೇಲೊಂದು ನಳ್ಳಿ ಹಾಕು, ನೆರಳು ಮಾಡು." ಹುಡುಗಿ ಫೋನಲ್ಲಿ ಬರ್ಕೊಂಡ್ಲು. ನಳ್ಳಿ ಎಸ್ಟಿಮೇಟಲ್ಲಿ ಇಲ್ಲ ಅಂದ್ರು ಸಾರ್.

ನಿನ್ನೆ ಸಂಜೆ ಹೋದಾಗ ಮರದಲ್ಲಿ ಫ್ಲೆಕ್ಸ್ ಕಾಣಲಿಲ್ಲ. ಕೆಳಗೆ ಪಚ್ಚಿಲೆ ರಾಶಿಗೆ ಬಿಸಿಲು ತಾಗದ ಹಾಗೆ ಮುಚ್ಚಿದ್ರು, ಬೆಂಚಿನ ಜನರೆಲ್ಲ ಮುಖ ಅಡಿ ಮಾಡಿ.