ತಪ್ಪಿಸಿಕೊಂಡವರಿಗೊಂದು ಪರದೆ

ವಿಜಯಪುರ, 17 ಏಪ್ರಿಲ್ 2025, ಗುರುವಾರ

ನಾನೂ ಜೊತೆಗಾರನೂ ಕಟ್ಟುತ್ತಿರುವ ವ್ಯಾಯಾಮದ ಆ್ಯಪ್‌ನ ಮೊದಲ ಪರದೆಯಲ್ಲಿದ್ದ ‘ದಿನಕ್ಕೆ 10,000 ಹೆಜ್ಜೆ’ ಎಂಬ ಸಾಲನ್ನು ಇಂದು ಕಿತ್ತುಹಾಕಿದೆ. ಅವನ ಮುಖ ಸಣ್ಣದಾಯಿತು. ಆದರೆ ಆ ಸಂಖ್ಯೆ ವೈದ್ಯರು ಬರೆದುಕೊಟ್ಟದ್ದೇನಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರಿಂದ ಊರೂರಿಗೆ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಒಮ್ಮೆಗೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ಷರತ್ತನ್ನೂ ಆಗ ಕೈಬಿಟ್ಟಿತು. ಹಾಗಾಗಿ ನಮ್ಮ ಮೊದಲ ಗುರಿ ಈಗ ಎರಡೇ ನಿಮಿಷ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು. ಈ ಬಿಸಿಲಿನಲ್ಲಿ ಜನರನ್ನು ಬೀದಿಗೆ ಅಟ್ಟುವುದಕ್ಕಿಂತ ಅದೇ ಮೇಲು.

ಸೈಕ್ಲಿಸ್ಟ್ ಒಬ್ಬರ ಚಿತ್ರ ಹಾಕೋಣ ಎಂದೂ ಅವನು ಹಟ ಹಿಡಿದಿದ್ದ. ನಮ್ಮ ಜಿಲ್ಲೆಯ ಸೈಕಲ್ ಹುಡುಗರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೂ ಆ ತೊಡೆಗಳನ್ನು ನೋಡಿದರೆ ಹೊಸಬರಿಗೆ ‘ಇದು ನಮ್ಮಂಥವರಿಗಲ್ಲ’ ಎನಿಸುವುದೇ ಹೆಚ್ಚು. ಬೇಡವೆಂದೆ.

ಮಧ್ಯಾಹ್ನ ಗಾಂಧಿ ಚೌಕದ ಹತ್ತಿರ ಕಿರಾಣಿ ಅಂಗಡಿಯ ಕಾಕಾ ಅವರ ಮೊಬೈಲಿನಲ್ಲಿ ಪರೀಕ್ಷಿಸಿದೆ. ಕಣ್ಣು ಮಂಜೆಂದು ಅವರು ಅಕ್ಷರಗಳನ್ನು ಅತಿ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ‘ಶುರು ಮಾಡಿ’ ಗುಂಡಿ ಪರದೆಯಿಂದ ಕೆಳಗೆ ಜಾರಿ ಕಾಣದಾಗಿತ್ತು. ‘ನಿಲ್ಲಿ’ ಎಂಬಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗಿ ‘ನಿಲಿ’ ಎಂದಷ್ಟೇ ಉಳಿದಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಿಗಿದರೆ ಒತ್ತಕ್ಷರಕ್ಕೆ ಜಾಗವೆಲ್ಲಿ? ಪರದೆಯ ಅಗಲಕ್ಕೆ ತಕ್ಕಂತೆ ವಿನ್ಯಾಸ ಹೊಂದಿಕೊಳ್ಳಬೇಕೆಂದು ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲೇ ಬರೆದಾಗಿದೆ; ಕನ್ನಡಕ್ಕೆ ಎತ್ತರದ ಲೆಕ್ಕವೂ ಬೇಕು. ಪಿಕ್ಸೆಲ್‌ಗಳಲ್ಲಿ, ಅಂದರೆ ಪರದೆಯ ಚುಕ್ಕಿಗಳ ಲೆಕ್ಕದಲ್ಲಿ, ಕಟ್ಟಿಹಾಕಿದ ಅಳತೆಗಳನ್ನೆಲ್ಲ ಬಿಡಿಸಿ, ಅಕ್ಷರದ ಗಾತ್ರದೊಂದಿಗೆ ಹಿಗ್ಗುವಂತೆ ಸಂಜೆ ತಿದ್ದಿದೆ. ಗುಂಡಿ ಈಗ ಪರದೆಯ ಬುಡಕ್ಕೇ ಅಂಟಿಕೊಂಡಿರುತ್ತದೆ, ಹೆಬ್ಬೆರಳಿಗೆ ಸಿಗುವ ಹಾಗೆ.

ಬರುವಾಗ ಕಾಕಾ ಇನ್ನೊಂದು ಮಾತು ಹೇಳಿದರು. ಹಿಂದೆ ಬೇರೊಂದು ಆ್ಯಪ್ ಬಳಸುತ್ತಿದ್ದರಂತೆ. ಇಂಡಿಯಲ್ಲಿ ನೆಂಟರ ಮದುವೆ ಮುಗಿಸಿ ಬಂದು ತೆರೆದರೆ, ಬಿಡದೆ ವ್ಯಾಯಾಮ ಮಾಡಿ ಕೂಡಿಸಿಟ್ಟ ದಿನಗಳ ಲೆಕ್ಕವೆಲ್ಲ ಅಳಿಸಿ ಕೆಂಪಗೆ ಒಂದು ಸೊನ್ನೆ. ಅಂದೇ ತೆಗೆದುಹಾಕಿದರು. "ಬೈಸಿಕೊಳ್ಳಲು ನಿಮ್ಮ ಕಾಕು ಇದ್ದಾಳಲ್ಲ ತಮ್ಮಾ, ದುಡ್ಡು ಕೊಟ್ಟು ಮೊಬೈಲಿನಿಂದಲೂ ಬೈಸಿಕೊಳ್ಳಬೇಕೇ?"

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಅಭ್ಯಾಸಗಳನ್ನು ಗಮನಿಸಿದ್ದರು. ರೂಢಿಯಾಗಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಅಂದಾಜು 254ರವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಹೀಗಿರುವಾಗ ಆ ಸೊನ್ನೆ ಯಾರ ಒಳಿತಿಗೆ? ‘ಭಯವಿದ್ದರೇ ಜನ ಬರುವುದು’ ಎಂಬುದು ಜೊತೆಗಾರನ ವಾದ. ಬಂದವರು ಎಷ್ಟು ದಿನ ಉಳಿಯುತ್ತಾರೆ ಎಂದು ಕೇಳಿದೆ, ಉತ್ತರ ಬರಲಿಲ್ಲ.

ತಪ್ಪಿಸಿಕೊಂಡು ಮರಳಿದವರಿಗೆಂದೇ ಒಂದು ಪರದೆ ಬರೆದಿದ್ದೇನೆ. ಹಳೆಯ ದಿನಗಳ ಮೊತ್ತ ಹಾಗೆಯೇ ಇರುತ್ತದೆ, ಕೆಂಪು ಬಣ್ಣವಿಲ್ಲ. ಕೆಳಗೆ ಇಷ್ಟೇ: ‘ಬಂದಿರಾ? ಇಂದು ಎರಡೇ ನಿಮಿಷ ಮಾಡೋಣ.’ ನೆನಪಿನ ಗಂಟೆ ಎಷ್ಟು ಹೊತ್ತಿಗೆ ಬಾರಿಸಬೇಕೆಂಬ ಜಗಳ ಬಾಕಿ ಇದೆ. ಅವನು ಬೆಳಿಗ್ಗೆ ಐದು ಎನ್ನುತ್ತಾನೆ. ಕಾಕಾ ಅಂಗಡಿ ಮುಚ್ಚುವುದೇ ರಾತ್ರಿ ಹತ್ತಕ್ಕೆ.